ಕಾಂಡ ತಬ್ಬಿದ ಎಲೆ

ಕೇದಾರಿಯ ಆಡು ಸತ್ತದ್ದು ಝುಮಾಳ ಹಿತ್ತಲಿನಲ್ಲಿ. ಬೇಲಿಯ ಮುಳ್ಳು ಸರಿಸಿ ಒಳನುಗ್ಗಿ, ಅತೀಸಿನ ಮಡಿಯ ಒಂದು ಮೂಲೆಯನ್ನು ಬೋಳಿಸಿ, ಆಲೂಗಡ್ಡೆ ಸಾಲು ದಾಟುವಷ್ಟರಲ್ಲಿ ಬಾಯಲ್ಲಿ ನೊರೆ ಬಂದು ಬಿದ್ದಿತ್ತು.

ಅತೀಸ್ ತಿಂದ ಆಡು ಸಾಯುವುದಿಲ್ಲ. ಕೂಸುಗಳ ಜ್ವರಕ್ಕೆ, ಹೊಟ್ಟೆ ಕೆಟ್ಟದ್ದಕ್ಕೆ ತೇದು ನೆಕ್ಕಿಸುವ ಬೇರು ಅದು. ನಮ್ಮ ಅಜ್ಜಿಯರ ಅತಿಬಜೆ. ಆದರೆ ಅದಕ್ಕೊಂದು ದಾಯಾದಿ ಗಿಡವಿದೆ. ಎಳೆಯದರಲ್ಲಿ ಎರಡೂ ಅವಳಿ ಮಕ್ಕಳ ಹಾಗೆ. ಆ ದಾಯಾದಿಯನ್ನು ಹಿಮಾಲಯದ ನೀತಿ ಕಣಿವೆಯವರು ಮೀಠಾ ಎನ್ನುತ್ತಾರೆ. ನಾಲಿಗೆ ಸುಡುವಷ್ಟು ಕಹಿಯಾದದ್ದು ಮದ್ದು, ಸಿಹಿ ಎಂಬ ಹೆಸರಿನದ್ದು ವಿಷ.

"ನಿನ್ನ ಸೊಸೆ ಮದ್ದು ಬೆಳೀತಾಳೋ ಊರನ್ನ ಮಸಣಕ್ಕೆ ಕಳಿಸ್ತಾಳೋ, ಕೇಳು ಮಥುರಾ!" ಕೇದಾರಿ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಳು.

ಅತ್ತೆ ಮಥುರಾ ಆಗಲೇ ಗುದ್ದಲಿ ತಂದಿದ್ದಳು. "ಕೀಳು ಬ್ವಾರಿ," ಎಂದು ಅದನ್ನು ಸೊಸೆಯ ಮುಂದೆ ಹಿಡಿದಳು. "ಒಂದೂ ಬಿಡಬೇಡ. ನಾಳೆ ಆಡಿನ ಜಾಗದಲ್ಲಿ ನನ್ನ ಮೊಮ್ಮಗಳಿರ್ತಾಳೆ."

ಝುಮಾ ಮೊದಲೇ ಮಾತಿನವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಊರವರು ಅವಳನ್ನು ಮೂಗಿ ಎಂದೇ ತಿಳಿದಿದ್ದರು. ಗುದ್ದಲಿಯನ್ನು ತೆಗೆದುಕೊಳ್ಳದೆ ಮಡಿಯ ಮುಂದೆ ನಿಂತುಬಿಟ್ಟಳು.

ಆ ಮಡಿ ಸುಮ್ಮನೆ ಎದ್ದದ್ದಲ್ಲ. ಮೇಲಿನ ಹುಲ್ಲುಗಾವಲುಗಳಲ್ಲಿ ಊರವರು ಅಗೆದೂ ಅಗೆದೂ ಅತೀಸಿನ ಬೇರು ಮುಗಿಯುತ್ತ ಬಂದಿತ್ತು. ಝುಮಾಳ ಮಗಳಿಗೆ ಜ್ವರ ಬಂದಾಗ ಗಂಡ ದಿನವಿಡೀ ಅಲೆದು ಬರಿಗೈಯಲ್ಲಿ ಬಂದಿದ್ದ. ಇನ್ನು ಮುಂದೆ ಅಲ್ಲಿ ಯಾರೂ ಅಗೆಯಕೂಡದೆಂದು ಊರೇ ಕಟ್ಟು ಹಾಕಿಕೊಂಡಿತು. ಹಾಗಾದರೆ ಹಿತ್ತಲಲ್ಲೇ ಬೆಳೆಯುತ್ತೇನೆ ಎಂದು ಝುಮಾ ಹಟ ಹಿಡಿದಳು. ಮೊದಲ ವರ್ಷ ಎಡವಿದಳು. ಚಳಿಗಾಲಕ್ಕೆ ಊರಿಗೆ ಊರೇ ಕೆಳಗಿನ ಬಿಡಾರಕ್ಕೆ ಇಳಿಯುವಾಗ, ಕೂಸನ್ನು ಕಟ್ಟಿಕೊಂಡಂತೆ ಬೀಜದ ಬುಟ್ಟಿಯನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗಿ ಬೆಚ್ಚಗೆ ಒಲೆ ಬಳಿ ಇಟ್ಟಳು. ಒಂದೂ ಮೊಳೆಯಲಿಲ್ಲ. ಹಿಮದಡಿ ಮಲಗದ ಬೀಜಕ್ಕೆ ಎಚ್ಚರವೂ ಇಲ್ಲ. ಮರುವರ್ಷ ಬಿತ್ತಿ, ಮೇಲೆಯೇ ಬಿಟ್ಟು, ತಿರುಗಿ ನೋಡದೆ ಇಳಿದಳು. ಬೇಸಿಗೆಗೆ ಹತ್ತಿ ಬಂದಾಗ ಹಸಿರು ಚಿಮ್ಮಿತ್ತು. ಆದರೆ ಆ ಬೀಜಗಳನ್ನು ಅವಳು ಎರಡು ಇಳಿಜಾರುಗಳಿಂದ, ಹೂವುದುರಿದ ಒಣಗಿಡಗಳಿಂದ ಆರಿಸಿದ್ದಳು. ಬೆರಕೆ ನಡೆದದ್ದು ಅಲ್ಲೇ.

ಸಂಜೆ ಪಧಾನ ಆಲಂ ಸಿಂಗ್ ಬಂದ. ಊರಿನ ಹಿರಿಯ, ಕೋಪಕ್ಕಿಂತ ಗೇಲಿಗೇ ಹೆಸರಾದವನು. ಉಪ್ಪು ಚಹಾ ಹೀರುತ್ತ ಮಡಿ ನೋಡಿದ.

"ಇದ್ರಲ್ಲಿ ಯಾವ್ದು ಅತೀಸು, ಯಾವ್ದು ಮೀಠಾ, ಹೇಳವ್ವ."

"ಈಗ ಗೊತ್ತಾಗಲ್ಲ ಕಾಕಾ. ಹೂ ಬಿಟ್ಟಾಗ ಗೊತ್ತಾಗುತ್ತೆ."

"ಗೊತ್ತಿಲ್ಲ ಅಂದ್ಮೇಲೆ ಎಲ್ಲಾ ಕಿತ್ತುಹಾಕು. ಮುಗೀತಲ್ಲ!"

ಝುಮಾಳ ಕಿವಿ ಕೆಂಪಾಯಿತು. ಸೆರಗಿನ ತುದಿ ಹಿಂಡುತ್ತ, ನೆಲ ನೋಡುತ್ತಲೇ ಹೇಳಿದಳು: "ನಮ್ಮೂರಲ್ಲಿ ಒಬ್ಬನಿಗೆ ದೀಪ ಹಚ್ಚಲ್ಲ. ಹೆಸ್ರೂ ಎತ್ತಲ್ಲ. ಯಾಕೆ ಕಾಕಾ?"

ಆ ಪ್ರಶ್ನೆಗೆ ಅಲ್ಲಿನ ತೊಟ್ಟಿಲ ಕೂಸಿಗೂ ಉತ್ತರ ಗೊತ್ತು. ಸಂಜೀವಿನಿಗೆಂದು ಬಂದು, ಗಿಡದ ಗುರುತು ಹತ್ತದೆ ತಮ್ಮ ದೇವರಾದ ಬೆಟ್ಟವನ್ನೇ ಕಿತ್ತುಕೊಂಡು ಹೋದವನ ಮೇಲೆ ಆ ಊರಿಗೆ ಇಂದಿಗೂ ಮುನಿಸು.

"ಗುರುತು ಸಿಗ್ಲಿಲ್ಲ ಅಂತ ಅವ್ನು ಪೂರ್ತಿ ಕಿತ್ತ. ನೀವೂ ನಂಗೆ ಅದನ್ನೇ ಮಾಡು ಅಂತೀರಿ."

ಆಲಂ ಸಿಂಗನಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, "ಮಥುರಾ, ನಿನ್ನ ಮೂಗಿ ಸೊಸೆ ನನ್ನನ್ನೇ ಕಪಿ ಅಂದ್ಳಲ್ಲೇ!" ಎಂದ. ನಗು ಇಳಿದ ಮೇಲೆ ಗಂಭೀರನಾದ. "ಸರಿ. ಹೂ ಬಿಡೋವರೆಗೆ ತಡೀತೀನಿ. ಬೇಲಿ ಕೆಲಸಕ್ಕೆ ಬರಲ್ಲ, ಗೋಡೆ ಬೇಕು. ಇನ್ನೊಂದು ಬಾಯಿ ಒಳಗೆ ಹೋದ್ರೆ ಗುದ್ದಲಿ ನಾನೇ ಹಿಡೀತೀನಿ."

ಗೋಡೆಯನ್ನು ಝುಮಾ ತಾನೇ ಕಟ್ಟಿದಳು. ಹೊಳೆಯಿಂದ ಕಲ್ಲು ಹೊತ್ತು ಭುಜದ ಚರ್ಮ ಕಿತ್ತು ಬಂತು. ಸತ್ತ ಆಡಿನ ಬದಲಿಗೆ ತನ್ನ ಹೆಣ್ಣಾಡನ್ನು ಕೇದಾರಿಗೆ ಕೊಟ್ಟಳು. ಕೇದಾರಿ "ಇದಕ್ಕೆ ಕೊಂಬು ಸೊಟ್ಟ" ಎಂದು ಗೊಣಗಿಯೇ ಕಟ್ಟಿಕೊಂಡಳು. ಮಥುರಾ ಮಾತ್ರ ಸೊಸೆಯೊಡನೆ ಮಾತು ಬಿಟ್ಟಳು. ಫಾಫರ್ ಹಿಟ್ಟಿನ ರೊಟ್ಟಿಯನ್ನು ತಟ್ಟೆಗೆ ಹಾಕುವಾಗಲೂ ಮುಖ ಗೋಡೆಯ ಕಡೆ.

ಮಳೆಗಾಲದಲ್ಲಿ ಕಾಂಡಗಳು ಎದ್ದವು. ದಿನವೂ ಬೆಳಗ್ಗೆ ಝುಮಾ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಕೆಲವು ಗಿಡಗಳ ಮೇಲಿನ ಎಲೆ ತೊಟ್ಟೇ ಇಲ್ಲದೆ, ಅಮ್ಮನ ಕೊರಳು ಬಿಡದ ಮಗುವಿನಂತೆ ಕಾಂಡವನ್ನು ತಬ್ಬಿ ನಿಂತಿತ್ತು. ಉಳಿದವುಗಳ ಎಲೆಗೆ ಉದ್ದ ತೊಟ್ಟು, ಬೆರಳು ಬೆರಳಾಗಿ ಸೀಳಿದ ಅಂಚು. ಅತೀಸು ಇವೇ ಇರಬೇಕೆಂದು ತಬ್ಬಿದವಕ್ಕೆ ಬಿಳಿ ಉಣ್ಣೆಯ ಎಳೆ ಕಟ್ಟಿದಳು. ಆದರೂ ಉಳಿದವನ್ನು ಕೀಳಲಿಲ್ಲ. ಎಲೆ ಹೇಳಿದ್ದನ್ನು ಹೂವೂ ಹೇಳಲಿ ಎಂದು ಕಾದಳು.

ಹೂ ಬಿಟ್ಟಿತು. ಉಣ್ಣೆ ಕಟ್ಟಿದವುಗಳಲ್ಲಿ ಹಸಿರು ಮಿಶ್ರಿತ ಮಂಕು ಹೂ, ಒಳಗೆ ನೇರಳೆ ನರ. ಕಟ್ಟದವುಗಳಲ್ಲಿ ಕಡುನೀಲಿ, ನೋಡಿದವರು ನಿಂತು ನೋಡಬೇಕು, ಅಂಥ ನೀಲಿ. ಮಡಿಯಲ್ಲಿ ಅತಿ ಎತ್ತರ, ಅತಿ ಚೆಲುವಾಗಿ ಬೆಳೆದದ್ದು ಅವೇ. ಅರ್ಧಕ್ಕಿಂತ ಹೆಚ್ಚೂ ಅವೇ.

ಗೋಡೆಯಾಚೆ ಮಥುರಾ ಬಂದು ನಿಂತಿದ್ದಳು. ಎಷ್ಟೋ ದಿನಗಳ ಮೇಲೆ ಬಾಯಿ ಬಿಟ್ಟಳು. "ಆ ನೀಲಿದೇ ಅತೀಸಾಗಿದ್ರೆ ಎಷ್ಟು ಚೆನ್ನಾಗಿತ್ತು."

"ಹೌದತ್ತೆ." ಝುಮಾ ಕೈಗೆ ಹಳೆ ಕಂಬಳಿಯ ತುಂಡು ಸುತ್ತಿಕೊಂಡು ಮೊದಲ ನೀಲಿ ಗಿಡದ ಬುಡಕ್ಕೆ ಗುದ್ದಲಿ ಹಾಕಿದಳು. ಗಡ್ಡೆಸಮೇತ ಎತ್ತಿದಳು. ಆಮೇಲೆ ಇನ್ನೊಂದು. ಒಂದು ಗಡ್ಡೆ ತುಂಡಾದಾಗ ಆ ತುಂಡಿಗಾಗಿ ಮೊಣಕೈವರೆಗೆ ಮಣ್ಣು ಕೆದಕಿದಳು.

ಮಥುರಾ ಗೋಡೆ ಹತ್ತಿ ಒಳಗಿಳಿದಳು. "ಆ ಕಡೆ ಸರಿ. ಇವನ್ನ ಹೂಳೋ ಗುಂಡಿ ನಾನು ತೋಡ್ತೀನಿ. ನೀನು ತೋಡಿದ್ರೆ ನಾಯಿ ಎಳೆಯುತ್ತೆ."

ಕತ್ತಲಾಗುವ ಮೊದಲು ಮಡಿ ಹಲ್ಲುದುರಿದ ಬಾಯಿಯಂತಾಯಿತು. ಉಳಿದ ಗಿಡಗಳಲ್ಲಿ ಬೀಜ ಬಲಿತಾಗ, ಕೆಳಗಿನ ಬಿಡಾರಕ್ಕೆ ಇಳಿಯುವ ದಿನ ಬೆಳಗ್ಗೆ, ಖಾಲಿ ಜಾಗಗಳಲ್ಲಿ ಝುಮಾ ಅವನ್ನು ಬಿತ್ತಿದಳು. ಮದ್ದಿನ ಬೇರು ಬಲಿಯಲು ಇನ್ನೂ ವರ್ಷಗಳು ಬೇಕು. ಅತ್ತೆ ಹೇಸರಗತ್ತೆಯ ಮೇಲೆ ಮೂಟೆ ಬಿಗಿಯುತ್ತ ಕೂಗಿದಳು: "ಬಾರೇ, ಹಿಮ ಬೀಳೋ ಹಾಗಿದೆ!"

"ಬೀಳ್ಲಿ ಅತ್ತೆ," ಎಂದಳು ಝುಮಾ, ಮಣ್ಣನ್ನು ಅಂಗೈಯಿಂದ ಇನ್ನೊಮ್ಮೆ ಒತ್ತಿ. "ಚೆನ್ನಾಗಿ ಬೀಳ್ಲಿ."