ಹರಿಪ್ರಿಯಾಳ ಭಾಷಣದ ಫೋಟೋ

ನಾಗಪುರದ ಸದರ್ ಬಡಾವಣೆಯಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ವ್ಯಾಸರಾಜನಿಗೆ, ವಿಂಡೋಸ್‌ನಂಥದೇ ಇನ್ನೊಂದು ಕಂಪ್ಯೂಟರ್ ವ್ಯವಸ್ಥೆಯಾದ ಲಿನಕ್ಸ್ ಎಂದರೆ ಪ್ರಾಣ. ಮನೆಯಲ್ಲಿದ್ದ ಒಂದೇ ಕಂಪ್ಯೂಟರಿನ ಡಿಸ್ಕನ್ನು ಅರ್ಧ ತನ್ನ ಲಿನಕ್ಸ್‌ಗೆ, ಅರ್ಧ ಹೆಂಡತಿ ಹರಿಪ್ರಿಯಾಳ ವಿಂಡೋಸ್‌ಗೆ ಎಂದು ಪಾಲು ಮಾಡಿದ್ದ. "ನನ್ನ ಕಡೆ ಏನದ ಅಂತ ನಿನ್ನ ವಿಂಡೋಸ್‌ಗೆ ಕಾಣೂದೇ ಇಲ್ಲ. ನನಗ ನಿಂದೆಲ್ಲಾ ಕಾಣ್ತದ," ಎಂದು ಚುಡಾಯಿಸುತ್ತಿದ್ದ. ಹರಿಪ್ರಿಯಾ ಸಿಟ್ಟಿಗೆದ್ದು ವಿಂಡೋಸ್‌ಗೆ ಪಾಸ್‌ವರ್ಡ್ ಹಾಕಿಬಿಟ್ಟಳು.

ಎರಡು ಸಾವಿರದ ಮೂರರ ರಾಜ್ಯೋತ್ಸವದಲ್ಲಿ ಅವಳು ಕನ್ನಡ ಸಂಘದ ವೇದಿಕೆಯ ಮೇಲೆ ಮೊದಲ ಸಲ ಭಾಷಣ ಮಾಡಿದಳು. ಖಜಾಂಚಿಯಾದ್ದರಿಂದ ವ್ಯಾಸರಾಜನೂ ಮೇಲೆಯೇ ಕೂತಿದ್ದ. ಮನೆಗೆ ಬಂದು, "ಒಂದೊಂದು ಮಾತೂ ಮನಸ್ಸಿಗೆ ನಾಟಿತು ನೋಡು," ಎಂದ. ಅವಳು ಹಿಗ್ಗಿ ಹೀರೇಕಾಯಿಯಾದಳು.

ಮರುದಿನ ಸಂಘದ ಉಮಾಪತಿ ಬಂದು, ಡಿಜಿಟಲ್ ಕ್ಯಾಮೆರಾದಲ್ಲಿದ್ದ ಫೋಟೋಗಳನ್ನೆಲ್ಲ ಅವಳ ವಿಂಡೋಸ್‌ಗೆ ಹಾಕಿ, ಕ್ಯಾಮೆರಾ ಖಾಲಿ ಮಾಡಿಕೊಂಡು ಹೋದ. ಅವಳು ತರಕಾರಿಗೆ ಹೋದಾಗ ವ್ಯಾಸರಾಜ ಲಿನಕ್ಸ್‌ನಿಂದ ಇಣುಕಿದ; ಅವಳ ಪಾಸ್‌ವರ್ಡ್ ಅದಕ್ಕೆ ಅಡ್ಡಿಯಾಗಲಿಲ್ಲ. ಮೈಕಿನ ಮುಂದೆ ಹರಿಪ್ರಿಯಾ. ಹಿಂದೆ ತಾನು, ಬಾಯಿ ತೆರೆದು, ಗಾಢ ನಿದ್ದೆಯಲ್ಲಿ.

ಅಳಿಸಲು ಹೋದರೆ ಆಗಲಿಲ್ಲ. ಅವನ ಲಿನಕ್ಸ್‌ಗೆ ವಿಂಡೋಸ್ ಡಿಸ್ಕನ್ನು ಓದಲಷ್ಟೇ ಬರುತ್ತಿತ್ತು, ತಿದ್ದಲು ಬರುತ್ತಿರಲಿಲ್ಲ. ಹೆಚ್ಚುಕಮ್ಮಿಯಾದರೆ ಇರಲೆಂದು ಫೋಟೋಗಳನ್ನೆಲ್ಲ ತನ್ನ ಕಡೆ ನಕಲು ಮಾಡಿಕೊಂಡು, ಲಿನಕ್ಸ್‌ನಲ್ಲೇ 'ಅಪಾಯ' ಎಂದು ಬರೆದಿದ್ದ ಉಪಾಯವೊಂದನ್ನು ಪ್ರಯೋಗಿಸಿದ. ಫೋಟೋ ಅಳಿಯಿತು. ಜೊತೆಗೆ ವಿಂಡೋಸೂ ಮಲಗಿತು. ಮತ್ತೆ ಏಳಲೇ ಇಲ್ಲ.

ಸಂಜೆ ಹರಿಪ್ರಿಯಾ ಕಪ್ಪು ಪರದೆಯ ಮುಂದೆ ಕೂತು, "ನನ್ನ ಮೊದಲನೇ ಭಾಷಣರೀ..." ಎಂದು ಕಣ್ಣೊರೆಸಿಕೊಂಡಳು.

ವ್ಯಾಸರಾಜನಿಗೆ ತಡೆಯಲಾಗಲಿಲ್ಲ. "ಅಳಬ್ಯಾಡ. ನನ್ನ ಕಡೆ ಕಾಪಿ ಅವ," ಎಂದು ಲಿನಕ್ಸ್ ತೆರೆದು ಫೋಟೋಗಳನ್ನು ತೋರಿಸಿದ, ಆ ಒಂದನ್ನು ಬಚ್ಚಿಟ್ಟು.

ಎಲ್ಲ ನೋಡಿ ಮುಗಿಸಿ ಅವಳು ಕೇಳಿದಳು: "ಅಲ್ರೀ, ನೀವು ಮಲಗಿದ್ದು ಎಲ್ಲಿ?"

"ಅಂದ್ರ... ನೀ ನೋಡೀಯೇನು?"

"ಉಮಾಪತಿಯವರು ಹಾಕೂವಾಗೇ ನೋಡೀನಿ. ಅದನ್ನ ಅಳಸ್ಲಿಕ್ಕೆ ಹೋಗಿ ನನ್ನ ವಿಂಡೋಸ್ ಕೊಂದ್ರೇನು?"

"ಹೂಂ, ತಪ್ಪಾತು," ಎಂದ ವ್ಯಾಸರಾಜ.

"ಅದೊಂದರಾಗೇ ನನ್ನ ಮುಖ ಬರೋಬರ್ ಬಂದದ. ತಗೀರಿ, ಜಲ್ದಿ!"

ತೆಗೆದ.

ಮುಂದಿನ ಭಾನುವಾರ ಇಬ್ಬರೂ ಆ ಫೋಟೋದ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಲು ಹೋದರು. ಅಂಗಡಿಯವನು ಫೋಟೋವನ್ನೊಮ್ಮೆ, ವ್ಯಾಸರಾಜನನ್ನೊಮ್ಮೆ ನೋಡಿ, ಮಲಗಿರುವ ಸಾಹೇಬರನ್ನು ಕತ್ತರಿಸಿ ತೆಗೆಯಲೇ ಎಂದು ಮರಾಠಿಯಲ್ಲಿ ಕೇಳಿದ.

ಬೇಡ, ಇರಲಿ ಎಂದು ಅವನಿಗೆ ಹೇಳಿದ ಹರಿಪ್ರಿಯಾ ಗಂಡನ ಕಡೆ ತಿರುಗಿದಳು. "ಮನೀಗೆ ಹೋಗಿ ಭಾಷಣ ಮತ್ತೊಮ್ಮೆ ಮಾಡ್ತೀನಿ. ಈ ಸಲ ನಿಂತು ಕೇಳ್ರಿ."