ಜೀರುಂಡೆಗೆ ಎಣ್ಣೆ

"ಹೊಟ್ಟಿ ಕೊಯ್ಸಿಕೊಂಡಾಂವ ನಾನೋ, ನೀನೋ?" ಎಂದು ಹೆಂಡತಿ ಸುಶೀಲಮ್ಮನನ್ನು ಕೇಳಿ ಶಿವಲಿಂಗಪ್ಪ ಗೋಡೆಯ ಕಡೆಗೆ ಮಗ್ಗುಲಾದರು.

ಆಪರೇಷನ್ ಮುಗಿದು ಮನೆಗೆ ಬಂದಮೇಲೆ ಅವರು ಹಾಸಿಗೆ ಬಿಟ್ಟಿರಲಿಲ್ಲ. ಎದ್ದು ಓಡಾಡದಿದ್ದರೆ ಎದೆಯಲ್ಲಿ ಕಫ ಕಟ್ಟಿ ಮತ್ತೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಹೆದರಿಸಿದ್ದರು. ಸುಶೀಲಮ್ಮ ಬೈದು ನೋಡಿದಳು, ಅತ್ತು ನೋಡಿದಳು. ಮಗಳು ಶುಭಾಳಿಗೆ ಅವೆರಡೂ ಬಾರವು. ಬಿ.ಎ. ಮುಗಿಸಿದ್ದರೂ ಅಪ್ಪನೆದುರು ಅವಳ ದನಿ ಬಾಗಿಲು ದಾಟುತ್ತಿರಲಿಲ್ಲ.

ಪಕ್ಕದ ಕ್ವಾರ್ಟರ್ಸಿನ ಕಾಮೇಶ್ವರರಾವ್ ತೆಲುಗು ಬೆರೆಸಿದ ಕನ್ನಡದಲ್ಲಿ ಉಪಾಯ ಹೇಳಿ ಅವಳಿಗೆ ಒಂದು ಕ್ಯಾಸೆಟ್ ಕೊಟ್ಟರು. "ಅರಕು ಕಣಿವೆ ಕಾಡಿನಲ್ಲಿ ನಾನೇ ರೆಕಾರ್ಡ್ ಮಾಡಿದ್ದಂಡಿ. ಕಾಡಿನ ಸದ್ದು ಕೇಳಿದ್ರೆ ಗಾಯ ಬೇಗ ಮಾಯುತ್ತೆ. ಟೇಪ್‌ರೆಕಾರ್ಡರ್ ಮಾತ್ರ ನಿಮ್ಮ ಅಪ್ಪಗಾರಿಗೆ ಕಾಣಬಾರದು."

ಮಧ್ಯಾಹ್ನ ಶುಭಾ ಕ್ಯಾಸೆಟ್ಟನ್ನು ಬ್ಯಾಟರಿಯ ಟೇಪ್‌ರೆಕಾರ್ಡರಿಗೆ ಹಾಕಿ ಪರದೆಯ ಹಿಂದಿಟ್ಟು ಹಚ್ಚಿದಳು. ತೊರೆ ಹರಿಯಿತು. ಯಾವುದೋ ಹಕ್ಕಿ ಕೂಗಿತು. ಅಪ್ಪನ ಹುಬ್ಬು ಸಡಿಲವಾಯಿತು. ಅಷ್ಟರಲ್ಲಿ ಜೀರುಂಡೆಗಳು ಶುರುವಿಟ್ಟುಕೊಂಡವು.

ಅಪ್ಪ ಒಂದು ಕಣ್ಣು ತೆರೆದರು. ವಿಶಾಖಪಟ್ಟಣದ ಹಡಗುಗಳ ಇಂಜಿನ್ ರೂಮಿನಲ್ಲಿ ಪಳಗಿದ ಕಿವಿ ಅದು.

"ಯಾರ ಮನಿ ಪಂಪ್ ಅದು? ಬೇರಿಂಗ್ ಒಣಗೇತಿ. ಹಿಂಗ ಬಿಟ್ರ ಸುಟ್ಟ ಹೋಗತೈತಿ."

"ಅಪ್ಪಾ, ಅದು..."

"ಎಣ್ಣಿ ಬುಡ್ಡಿ ಎಲ್ಲೈತಿ?" ಕಾಲು ಆಗಲೇ ನೆಲಕ್ಕಿಳಿದಿತ್ತು.

ಅಪ್ಪ ಗೋಡೆ ಹಿಡಿದು ಎಣ್ಣೆ ಬುಡ್ಡಿಯಿದ್ದ ಹೊಲಿಗೆ ಮಷೀನಿನ ಕಡೆ ತಿರುಗುವಷ್ಟರಲ್ಲಿ ಶುಭಾ ಟೇಪ್‌ರೆಕಾರ್ಡರನ್ನು ದುಪಟ್ಟಾದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ನಡೆದಳು. ಜೀರುಂಡೆಗಳು ಅವಳ ಜೊತೆ ಹೋದವು. ಎಣ್ಣೆ ಬುಡ್ಡಿ ಹಿಡಿದ ಅಪ್ಪ ಜೀರುಂಡೆಗಳ ಹಿಂದೆ ಬಂದರು.

ರೊಟ್ಟಿ ಬಡಿಯುತ್ತಿದ್ದ ಸುಶೀಲಮ್ಮನ ಕೈ ನಿಂತಿತು. "ಎಲ್ಲಿಗೆ ಹೊಂಟ್ರಿ?"

"ನಿನ್ನ ಕಡೆ ಅಲ್ಲ ಬಿಡು. ನೀ ಎಣ್ಣಿ ಹಾಕಿದ್ರೂ ಸುಮ್ಮನಾಗಾಕಿ ಅಲ್ಲ."

ಅಡುಗೆಮನೆಯಿಂದ ಹಿತ್ತಿಲು, ಹಿತ್ತಿಲಿನಿಂದ ಮನೆ ಸುತ್ತಿ ಮುಂದಿನ ಗೇಟು. ಅಲ್ಲಿ ದುಪಟ್ಟಾದೊಳಗೆ ಕ್ಯಾಸೆಟ್ ಮುಗಿದು 'ಟಕ್' ಎಂದಿತು. ಕಾಡು ನಿಂತುಹೋಯಿತು.

ಅಪ್ಪ ಏದುಸಿರು ಬಿಡುತ್ತ ಮಗಳ ಉಬ್ಬಿದ ಕಂಕುಳನ್ನು ನೋಡಿದರು. ಅವಳು ನೆಲ ನೋಡಿದಳು.

"ಭಾಳ ಹತ್ರ ಕೆಟ್ಟಿತ್ತವ್ವಾ," ಎಂದರು ಅಪ್ಪ ಮೆಲ್ಲಗೆ. "ನಾಳೆ ಇನ್ನೊಂದೀಟು ದೂರ ಕೆಡ್ಲಿ."

ಸಂಜೆ ಸುಶೀಲಮ್ಮ ಹೊಸ್ತಿಲಿಗೆ ದೀಪ ತಂದಾಗ, ಎಣ್ಣೆ ಬುಡ್ಡಿ ಅಲ್ಲಿ ಗಂಡನ ಎರಡು ಚಪ್ಪಲಿಗಳ ನಡುವೆ ಕೂತಿತ್ತು.