ಬೈಯುವ ನೆಂಟಸ್ತಿಕೆ

ಕಿಟ್ವೆ ಪಟ್ಟಣದ ಮೆಕ್ಕೆಜೋಳದ ಹಿಟ್ಟಿನ ಗಿರಣಿಯನ್ನು ಎನ್ಡೋಲಾದ ಗಿರಣಿಯ ಜೊತೆ ಸೇರಿಸುತ್ತಾರೆಂಬ ಸುದ್ದಿ ಬಂದು ನಾಲ್ಕು ವಾರವಾಗಿತ್ತು. ಲಾರಿಗೆ ಮೂಟೆ ಹೇರಿಸಿ ಕಳಿಸುವ ವಿಭಾಗದ ಹನ್ನೆರಡು ಮಂದಿಯಲ್ಲಿ ಐವರು ಉಳಿಯುತ್ತಾರೆ ಎಂದಷ್ಟೇ ಗೊತ್ತು. ಯಾವ ಐವರು ಎಂಬುದು ಹೊಸ ಮ್ಯಾನೇಜರ್ ಶಾವಾ ಅವರ ಮೇಜಿನ ಖಾನೆಯಲ್ಲಿತ್ತು.

ಹಿಂದಿನ ಮ್ಯಾನೇಜರ್ ಮುದುಕ ಕಸೂಬಾ ಬಾಯಿಬಡುಕ. ಸೋಮವಾರ ಬೆಳಿಗ್ಗೆ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತು ಒಳ್ಳೆಯದು ಕೆಟ್ಟದ್ದು ಎಲ್ಲ ಒದರಿಬಿಡುತ್ತಿದ್ದ. ಜನ ಅವನನ್ನು ಬೈದುಕೊಂಡೇ ಕೆಲಸ ಮಾಡುತ್ತಿದ್ದರು. ಶಾವಾ ಹಾಗಲ್ಲ. ಬಾಗಿಲು ಹಾಕಿಕೊಳ್ಳುತ್ತಾರೆ, ಬೋರ್ಡಿಗೆ ಚೀಟಿ ಅಂಟಿಸುತ್ತಾರೆ, ಚೀಟಿಯಲ್ಲಿ "ಸೂಕ್ತ ಸಮಯದಲ್ಲಿ ತಿಳಿಸಲಾಗುವುದು" ಎಂದಿರುತ್ತದೆ.

ಆ ಒಂದು ಸಾಲಿಗೆ ಗಿರಣಿಯ ತಲೆ ಕೆಟ್ಟಿತು. ಡ್ರೈವರ್ ಲಿಕಾಂಡೊ ತೊಳೆದ ಲಾರಿಯನ್ನೇ ದಿನಕ್ಕೆರಡು ಸಲ ತೊಳೆಯತೊಡಗಿದ, ಅದೂ ಶಾವಾರ ಕಿಟಕಿಯ ಎದುರಿಗೇ. ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಎನ್ಶಿಮಾ ಮುದ್ದೆ ಮುರಿದು ತಿಂದ ಇಬ್ಬರು ಬೇರೆ ಬೇರೆ ಮೂಲೆ ಹಿಡಿದರು. ಶಾವಾ ಕೆಮ್ಮಿದರೆ ಅದಕ್ಕೂ ಅರ್ಥ ಹುಡುಕುವವರಿದ್ದರು.

ಲಾರಿಗಳಿಗೆ ಚೀಟಿ ಬರೆಯುವ ಕಸೊಂಡೆಗೆ ಕಾಯುವ ಪುರುಸೊತ್ತಿರಲಿಲ್ಲ. ಪೇಟೆಯಲ್ಲಿ ಅಕ್ಕ ಚೋಲಾ ತನ್ನ ಪಕ್ಕದ ಮಳಿಗೆಯನ್ನು ಅವಳಿಗಾಗಿ ಹಿಡಿದಿಟ್ಟಿದ್ದಳು. ಶುಕ್ರವಾರ ಸಂಜೆಯೊಳಗೆ ಹೂಂ ಅನ್ನದಿದ್ದರೆ ಅದು ಬೇರೆಯವರ ಪಾಲು. ಕೆಲಸ ಉಳಿದರೆ ಮಳಿಗೆ ಬೇಡ. ಕೆಲಸವೂ ಹೋಗಿ ಮಳಿಗೆಯೂ ಹೋದರೆ ಮೂರು ಮಕ್ಕಳನ್ನು ಕಟ್ಟಿಕೊಂಡು ಏನು ಮಾಡುವುದು? ಇವತ್ತೇ ಶುಕ್ರವಾರ.

ಕಸೊಂಡೆ ಬೆಂಬ ಕುಲದವಳು, ಶಾವಾ ಎನ್‌ಗೋನಿ ಕುಲದವರು. ಎರಡೂ ಕುಲದ ಅಜ್ಜಂದಿರು ಈಟಿ ಹಿಡಿದು ಬಡಿದಾಡಿದ್ದರಿಂದ ಮೊಮ್ಮಕ್ಕಳೆಲ್ಲ ಬೈಯುವ ನೆಂಟರು: ಎದುರಿಗೇ ಏನು ಬೇಕಾದರೂ ಅನ್ನಬಹುದು, ಸಾವಿನ ಮನೆಯಲ್ಲೂ ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಎನ್‌ಗೋನಿಗಳು ಇಲಿ ತಿನ್ನುವವರು, ಬೆಂಬಗಳು ಕೋತಿ ತಿನ್ನುವವರು ಎಂಬುದು ತಲೆಮಾರಿನ ಬೈಗುಳ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು ಅವಳು ತಟ್ಟದೆಯೇ ಬಾಗಿಲು ತಳ್ಳಿದಳು.

"ಏಯ್ ಇಲಿ ತಿನ್ನೋನೆ! ಬಿಲದಲ್ಲಿ ಕೂತು ಏನ್ ಮಾಡ್ತಿದ್ದೀಯೋ?"

ಹೊರಗೆ ಲಿಕಾಂಡೊನ ಬಕೆಟ್ಟು ಉರುಳಿತು. ಶಾವಾ ತಲೆಯೆತ್ತಿದರು. ಹುಬ್ಬು ಗಂಟಿಕ್ಕಿತು, ಸಡಿಲಿತು, ಆಮೇಲೆ ಗಿರಣಿಯಲ್ಲಿ ಯಾರೂ ನೋಡಿರದ ಹಲ್ಲುಗಳು ಹೊರಗೆ ಬಂದವು.

"ಬಾರೆ, ಕೋತಿ ತಿನ್ನೋಳೆ. ಬಾಲ ಹೊರಗೇ ಬಿಟ್ಟು ಬಂದ್ಯಾ?"

"ಪಟ್ಟೀಲಿ ನನ್ನ ಹೆಸರು ಯಾವ ಕಡೆ ಇದೆ ಹೇಳೋ."

"ಕೋತಿ ತಿನ್ನೋರನ್ನ ಯಾರ್ ಇಟ್ಕೋತಾರೆ? ಮೊದಲು ಓಡ್ಸೋದೇ ನಿನ್ನ!"

ಕಿಟಕಿಯಾಚೆ ನಗು. ಕಸೊಂಡೆಯೂ ನಕ್ಕಳು, ಅರ್ಧಕ್ಕೇ ನಿಲ್ಲಿಸಿದಳು. ತಮಾಷೆಯೋ ನಿಜವೋ? ಬೈಯುವ ಹಕ್ಕು ಇಬ್ಬರಿಗೂ ಉಂಟೆಂಬುದನ್ನು ಮರೆತಿದ್ದಳು. ಆಸಾಮಿ ಈಗ ಅದರ ಹಿಂದೆ ಅಡಗಿದ್ದ. ಅವಳು ಕುರ್ಚಿ ಎಳೆದು ಕೂತಳು.

"ಚೇಷ್ಟೆ ಸಾಕು. ನಂಗೆ ಸಂಜೆ ಒಳಗೆ ಗೊತ್ತಾಗ್ಬೇಕು."

"ಹೇಳ್ಬಾರ್ದು ಅಂತ ಲುಸಾಕಾದ ಹೆಡ್ಡಾಫೀಸಿಂದ ಅಪ್ಪಣೆ ಕಣೆ. ಮೊದಲೇ ಹೇಳಿದ್ರೆ ಯಾರೂ ಕೆಲಸ ಮಾಡಲ್ವಂತೆ."

"ಈಗ ಮಾಡ್ತಿದ್ದಾರೆ ಅಂದ್ಕೊಂಡ್ಯಾ? ಮೊನ್ನೆ ಚಿಂಗೋಲಾಕ್ಕೆ ಹೋಗ್ಬೇಕಾದ ಹಿಟ್ಟು ಮುಫುಲಿರಾಕ್ಕೆ ಹೋಯ್ತು. ಚೀಟಿ ಬರೆದೋಳು ನಾನೇ. ಕೈ ಚೀಟಿ ಮೇಲಿತ್ತು, ಕಣ್ಣು ನಿನ್ನ ಬಾಗಿಲ ಮೇಲಿತ್ತು."

ಶಾವಾ ಖಾನೆ ಎಳೆದರು. ಹಾಳೆ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದರು.

"ಹೋಗೋರ ಕಡೆ ಇದೆ, ಕಸೊಂಡೆ. ಇದು ತಮಾಷೆ ಅಲ್ಲ."

ಹನ್ನೊಂದು ವರ್ಷ ಇಲ್ಲಿ ಚೀಟಿ ಬರೆದಿದ್ದಳು ಅವಳು.

"ಇಷ್ಟು ಹೇಳೋಕೆ ನಾಲ್ಕು ವಾರ ಬೇಕಾಯ್ತೇನೋ, ಇಲಿ?"

"ತಪ್ಪಾಯ್ತು."

"ತಪ್ಪು ಗಿಪ್ಪು ಅಂತ ನೆಂಟರ ಹತ್ರ ಹೇಳೋ ಹಾಗಿಲ್ಲ. ಬೈ."

"ತೊಲಗೆ, ಕೋತಿ."

"ಹಾಂ, ಹಾಗೆ."

ಅವರ ಮೇಜಿನ ಫೋನೇ ಎತ್ತಿ ಅಕ್ಕನಿಗೆ "ಮಳಿಗೆ ನಂದೇ" ಅಂದು ಹೊರಗೆ ಬಂದಳು. ಬಾಗಿಲಿಂದ ತಕ್ಕಡಿಯವರೆಗೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ, ಒದ್ದೆ ತೋಳಿನ ಲಿಕಾಂಡೊ.

"ನೀನ್ಯಾಕೋ ಇಲ್ಲಿ? ನೀನು ಲೋಝಿ ಕುಲದವನಲ್ವಾ?"

"ಬೆಳಿಗ್ಗೆವರೆಗೂ ಆಗಿದ್ದೆ, ಅಕ್ಕ. ಈಗ ನಮ್ಮಜ್ಜಿ ಬೆಂಬ ಅಂತ ನೆನಪಾಯ್ತು."

"ನಮ್ಮಜ್ಜೀನೂ," ಅಂದ ಹಿಂದಿನವನು. ಅವನ ಹಿಂದಿನವಳಿಗೆ ಅಜ್ಜ.

ಶಾವಾ ಹೊರಗೆ ಇಣುಕಿ ಆ ಸಾಲನ್ನು ಕೊನೆಯವರೆಗೂ ನೋಡಿದರು. ಇನ್ನು ಬಾಗಿಲು ಹಾಕಿ ಪ್ರಯೋಜನವಿಲ್ಲವೆಂದು ಅದಕ್ಕೊಂದು ಇಟ್ಟಿಗೆ ಒತ್ತಿಟ್ಟರು.

"ಕೋತಿ ತಿನ್ನೋರೆಲ್ಲ ಒಬ್ಬೊಬ್ಬರಾಗಿ ಬನ್ನಿ."

ಲಿಕಾಂಡೊ ಒಳಗೆ ಹೋದ, ಎದೆ ಉಬ್ಬಿಸಿದ, ಬಾಯಿ ತೆರೆದ.

"ಇಲಿ ತಿನ್ನೋ ಸಾಹೇಬ್ರೆ," ಅಂದ, "ನಮಸ್ಕಾರ."